ತಗ್ಗಿನಪೇಟೆಯ ಬಾಣಂತನ

ನನ್ನ ತಂಗಿ ಇಂದುಮತಿ ಬಸುರಿಯಾದ ಸುದ್ದಿ ಹೇಳಿದ್ದು ಕಟ್ಟೆಯ ಮೆಟ್ಟಿಲಲ್ಲಿ, ಒಂದೇ ಉಸಿರಿನಲ್ಲಿ. ನೀರಿನಿಂದ ತಲೆ ಎತ್ತಿದಳು, ಮುಖಕ್ಕೆ ಅಂಟಿದ ಕೂದಲು ಸರಿಸಿದಳು, "ಅಕ್ಕಾ, ಈ ಸಲ ನಿಂತಿದೆ" ಅಂದಳು, ನಾನು ಬಾಯಿ ತೆರೆಯುವಷ್ಟರಲ್ಲಿ ಮುಳುಗಿಬಿಟ್ಟಳು. ಅವಳು ಮತ್ತೆ ಮೇಲೆ ಬರುವವರೆಗೆ ನಾನು ಎದ್ದು ನಿಂತೆ, ಕೂತೆ, ಮತ್ತೆ ಎದ್ದೆ. ಎರಡನೆಯ ಸಲ ತಲೆ ಎತ್ತಿದಾಗ, "ನೀನು ಬರ್ತೀಯಲ್ಲ ಬಾಣಂತನಕ್ಕೆ? ಬೇರೆ ಯಾರಿದ್ದಾರೆ ನನಗೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೆಳಗೆ ಹೋದಳು.

ನಮ್ಮ ಊರಿನಲ್ಲಿ ಮೇಲಿನವರಿಗೂ ಕೆಳಗಿನವರಿಗೂ ಮಾತುಕತೆ ಹೀಗೇ. ನೀರು ಬಂದ ವರ್ಷ ತಗ್ಗಿನಪೇಟೆ ಮುಳುಗಿತು. ಹೊರಡುವವರು ಗಂಟುಮೂಟೆ ಕಟ್ಟಿ ದಿಬ್ಬ ಹತ್ತಿದರು, ಉಳಿಯುವವರು ಮನೆಯಲ್ಲೇ ಉಳಿದರು. ಉಳಿದವರಿಗೆ ನೀರೇ ಉಸಿರಾಯಿತು. ನಾವು ಉಸಿರು ಕಟ್ಟಿ ಮುಳುಗುವ ಹಾಗೆ ಅವರು ಉಸಿರು ಕಟ್ಟಿ ಮೇಲಕ್ಕೆ ಬರುತ್ತಾರೆ; ಒಂದೆರಡು ಮಾತಿಗೆ ಸಾಕಾಗುವಷ್ಟು ಹೊತ್ತು. ತರಕಾರಿಯನ್ನು ಬಲೆಯಲ್ಲಿ ಹಾಕಿ ಕಲ್ಲು ಕಟ್ಟಿ ಇಳಿಸುತ್ತೇವೆ. ಅವರ ಬಟ್ಟೆಗಳು ತೇಲದಿರಲೆಂದು ಅಂಚಿಗೆ ಸೀಸದ ಗುಂಡು ಇಟ್ಟು ಹೊಲಿಯುತ್ತೇವೆ. ನಾನು ಹೊಲಿಗೆಯವಳಾದ್ದರಿಂದ ಅಂಥ ಸೀರೆ, ಅಂಥ ಅಂಗಿ ಎಷ್ಟು ಹೊಲಿದಿದ್ದೇನೋ. ಕೆಳಗಿನವರು ಜಗಳದಲ್ಲಿ ಸೋಲುವ ಲಕ್ಷಣ ಕಂಡರೆ ಮುಳುಗಿಬಿಡುತ್ತಾರೆ, ಮೇಲಿನವರು ದಡದಲ್ಲಿ ನಿಂತು ನೀರಿಗೆ ಬಯ್ಯುತ್ತಾರೆ. ತಗ್ಗಿನಪೇಟೆಗೆ ನೀರಿನ ಕಂದಾಯ ಹಾಕಬೇಕೋ ಬೇಡವೋ ಎಂದು ಪುರಸಭೆಯಲ್ಲಿ ಇನ್ನೂ ಚರ್ಚೆ ಮುಗಿದಿಲ್ಲ.

ಅಮ್ಮ ಹೋದಾಗ ಇಂದುಮತಿ, ನಮ್ಮ ಇಂದು, ಇನ್ನೂ ಲಂಗದ ದಾರ ಕಟ್ಟಿಕೊಳ್ಳಲು ಬಾರದ ಹುಡುಗಿ. ಅವಳ ಜಡೆ, ಅವಳ ಜ್ವರ, ಅವಳ ಮದುವೆ ಎಲ್ಲ ನನ್ನ ಕೈಯಲ್ಲೇ ಆಯಿತು. ಅದರ ನಡುವೆ ನನ್ನ ಮದುವೆಯ ಮಾತು ಎಲ್ಲಿ ತಪ್ಪಿಹೋಯಿತೋ ಯಾರೂ ಹುಡುಕಲಿಲ್ಲ, ನಾನೂ ಸಹ. ಅವಳ ಗಂಡ ಭುಜಂಗ ಮೇಷ್ಟ್ರು ಒಳ್ಳೆಯ ಮನುಷ್ಯರು. ನೀರು ಬಂದಾಗ "ಶಾಲೆ ಬಿಟ್ಟು ಎಲ್ಲಿಗೆ ಹೋಗಲಿ?" ಎಂದು ಉಳಿದರು, ಅವರು ಉಳಿದರೆಂದು ಅವಳೂ ಉಳಿದಳು. ದಿಬ್ಬದ ಮೇಲೆ ನಾನು ಒಬ್ಬಳೇ.

ಕೆಳಗೆ ಹುಟ್ಟುವ ಮಗು ನೀರಿನದೋ ಗಾಳಿಯದೋ ಎಂದು ಹುಟ್ಟಿದ ಮೇಲೇ ತಿಳಿಯುವುದು. ನೀರಿನದಾದರೆ ತಾಯಿಯ ಮಡಿಲಿಗೆ ಹೋಗುತ್ತದೆ. ಗಾಳಿಯದಾದರೆ ಆಗಲೇ ಮೇಲಕ್ಕೆ ತರಬೇಕು. ಅದಕ್ಕೇ ಹೆರಿಗೆಯ ಹೊತ್ತಿಗೆ ಮೇಲಿನ ನೆಂಟರೊಬ್ಬರು ಕೆಳಗಿರಬೇಕೆಂಬ ಕಟ್ಟಳೆ. ಯಾರೂ ಇಲ್ಲದಿದ್ದರೆ ಗಾಳಿಯ ಮಗುವನ್ನು ಪುರಸಭೆಯವರು ಪರವೂರಿನ ಬಾಲಮಂದಿರಕ್ಕೆ ಕಳಿಸುತ್ತಾರೆ. ನೆಂಟರು ಸುಮ್ಮನೆ ಇಳಿಯುವಂತೆಯೂ ಇಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಇಳಿಯಲು ಕಲಿತು, ಪರೀಕ್ಷೆ ಪಾಸಾಗಿ, ಸರ್ಟಿಫಿಕೇಟು ಪಡೆದಿರಬೇಕು. ಸ್ನಾನಕ್ಕೆ ತಲೆಯ ಮೇಲೆ ಚೊಂಬು ನೀರು ಹೊಯ್ದುಕೊಂಡರೂ ಏದುಸಿರು ಬಿಡುವವಳು ನಾನು.

ಕಲಿಸುವವಳು ಜುಲೇಖಾ. ಅಗಲ ಭುಜದ, ಕಡಿಮೆ ಮಾತಿನ ಹೆಂಗಸು. ನನಗಿಂತ ಬಹಳ ಚಿಕ್ಕವಳಾದರೂ ಎಲ್ಲರೂ ಮೇಡಂ ಎನ್ನುತ್ತಿದ್ದರು. ಪಾಠ ನಡೆಯುವುದು ದಿಬ್ಬದ ಮೇಲಿನ ಹಳೆಯ ಕಲ್ಯಾಣಿಯಲ್ಲಿ. ನನ್ನ ಜೊತೆ ಸೇರಿದ ಇನ್ನೊಬ್ಬರು ಬಸಲಿಂಗಯ್ಯ, ಮದುವೆ ದಳ್ಳಾಳಿ. ತಗ್ಗಿನಪೇಟೆಯಲ್ಲಿ ವಯಸ್ಸಿಗೆ ಬಂದ ಹೆಣ್ಣುಗಂಡುಗಳು ಬೇಕಾದಷ್ಟಿದ್ದಾರೆ, ಹೋಗಿ ನೋಡುವವರೇ ಇಲ್ಲ ಎಂಬುದು ಅವರ ಕೊರಗು. ನೀರಿನಲ್ಲಿ ಯಾರೂ ಒಂಟಿಯಾಗಿ ಇಳಿಯಬಾರದು, ಪ್ರತಿಯೊಬ್ಬರಿಗೂ ಒಬ್ಬ ಜೋಡಿ ಇರಬೇಕು, ಜೋಡಿಯನ್ನು ಬಿಟ್ಟು ದೂರ ಹೋಗಬಾರದು ಎಂದು ಜುಲೇಖಾ ಹೇಳಿದಾಗ ಅವರು ತಲೆದೂಗಿ, "ಇದನ್ನೇ ನಾನು ಮೂವತ್ತು ವರ್ಷದಿಂದ ಊರಿಗೆಲ್ಲ ಹೇಳ್ಕೊಂಡು ಬಂದಿದೀನಿ ಮೇಡಂ" ಎಂದರು.

ಮೊದಲ ಪಾಠದಲ್ಲಿ ನೀರಿಗೇ ಇಳಿಸಲಿಲ್ಲ. ಜುಲೇಖಾ ಮೆಟ್ಟಿಲ ಮೇಲೆ ನಮ್ಮನ್ನು ಕೂರಿಸಿ, "ಒಂದೇ ಒಂದು ಮಾತು ನೆನಪಿಡಿ. ಉಸಿರು ಕಟ್ಟಬೇಡಿ. ಹೆದರಿಕೆ ಆದ್ರೆ ಆಗ್ಲಿ, ಅಳು ಬಂದ್ರೆ ಬರ್ಲಿ, ಉಸಿರು ನಡೀತಾ ಇರ್ಬೇಕು. ಕೆಳಗಿನ ಗಾಳಿ ಎದೇಲಿ ಕಟ್ಕೊಂಡು ಮೇಲೆ ಬಂದ್ರೆ ಅದು ಉಬ್ಬಿ ಪುಪ್ಪುಸ ಹರಿಯತ್ತೆ" ಎಂದಳು. ಆಮೇಲೆ ಕೈಸನ್ನೆಗಳು. ಹೆಬ್ಬೆರಳು ಎತ್ತಿದರೆ 'ಮೇಲೆ ಹೋಗೋಣ' ಎಂದರ್ಥ. ಬಸಲಿಂಗಯ್ಯನವರು ಅದನ್ನು ಮರೆತು, ನೀರಿನ ತಳದಲ್ಲಿ ಏನು ಚಂದ ಕಂಡರೂ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದರು. ಪ್ರತಿ ಸಲವೂ ಜುಲೇಖಾ ಅವರ ತೋಳು ಹಿಡಿದು ಮೇಲಕ್ಕೆ ತರುತ್ತಿದ್ದಳು.

ನನ್ನ ಕಷ್ಟ ಬೇರೆ. ನನಗೆ ಒಂದು ಕಡೆ ನಿಲ್ಲಲು ಬರುತ್ತಿರಲಿಲ್ಲ. ಕೆಳಗಿಳಿದು ಮೂಗು ಹಿಡಿದು ಊದಿ ಕಿವಿ ಬಿಡಿಸಿಕೊಳ್ಳುವುದು ಬಂತು, ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಜಾರಿದರೆ ಅದನ್ನು ಹುಡುಕಿ ಮತ್ತೆ ಕಚ್ಚಿಕೊಳ್ಳುವುದೂ ಬಂತು. ಆದರೆ ತಳ ಮುಟ್ಟದೆ, ಮೇಲೇಳದೆ, ನಡುನೀರಿನಲ್ಲಿ ಸುಮ್ಮನೆ ತೇಲಿ ನಿಲ್ಲಿ ಎಂದರೆ ಕೈಕಾಲು ಬಡಿಯುತ್ತಿದ್ದೆ. ಬಸಲಿಂಗಯ್ಯನವರು ಊಟದ ಮೇಲೆ ಚಾಪೆಯಲ್ಲಿ ಮಲಗಿದವರ ಹಾಗೆ ತೇಲುತ್ತಿರುವಾಗ ನನ್ನ ಗಾಳಿಯ ಮೀಟರಿನ ಮುಳ್ಳು ಕೆಂಪು ಗೆರೆಗೆ ಬಂದುಬಿಡುತ್ತಿತ್ತು. "ನೀವು ಗಾಳಿನ ಉಸಿರಾಡ್ತಾ ಇಲ್ಲ ಅಮ್ಮಾ, ಗಟಗಟ ಕುಡೀತಾ ಇದೀರಿ" ಎಂದಳು ಜುಲೇಖಾ. "ಹೀಗಾದ್ರೆ ತಂಗಿ ಮನೆ ಬಾಗಿಲು ಮುಟ್ಟಿ ವಾಪಸ್ ಬರೋಕೆ ಸಾಕಾಗತ್ತೆ ಅಷ್ಟೇ. ಹೆರಿಗೆ ನಿಮಗೋಸ್ಕರ ಬೇಗ ಆಗಲ್ಲ."

ಮನೆಯಲ್ಲೂ ಅದೇ ಗೋಳು. ಮೆಷಿನ್ ಮುಂದೆ ಕೂತರೆ ದಾರ ಪೋಣಿಸುವುದನ್ನು ಮರೆತು ತುಳಿಯುತ್ತಿದ್ದೆ. ಒಲೆಯ ಮೇಲೆ ಹಾಲಿಟ್ಟು ಕಟ್ಟೆಗೆ ಓಡಿ ನೋಡಿಕೊಂಡು ಬರುತ್ತಿದ್ದೆ. ಇಂದುವಿಗೆ ತಿಂಗಳು ತುಂಬುತ್ತ ಬಂದ ಹಾಗೆ ಅವಳು ಮೆಟ್ಟಿಲಿಗೆ ಬರುವುದು ಕಡಿಮೆಯಾಯಿತು. ಬಂದರೂ ಅರ್ಧ ಮಾತಿಗೇ ಅವಳ ಉಸಿರು ಮುಗಿಯುತ್ತಿತ್ತು. ಕೊನೆಗೆ ಭುಜಂಗ ಮೇಷ್ಟ್ರು ಒಬ್ಬರೇ ಬರತೊಡಗಿದರು. "ಕಾಲು ಊದಿದೆ ಅತ್ತಿಗೆ... ಹೆದರೋದೇನಿಲ್ಲ ಅಂತ ಸೂಲಗಿತ್ತಿ ಹೇಳಿದಾಳೆ" ಎಂದು ಹೇಳಿ, ಕನ್ನಡಕ ಒರೆಸಿಕೊಂಡು, ಮುಳುಗುತ್ತಿದ್ದರು.

ಪರೀಕ್ಷೆಯ ದಿನ ಬೆಳಿಗ್ಗೆ ಕಲ್ಯಾಣಿಗೆ ಹೋಗುವ ದಾರಿಯಲ್ಲಿ ಬಸಲಿಂಗಯ್ಯನವರು ನನ್ನ ಸಿಲಿಂಡರನ್ನೂ ತಾವೇ ಕೈಗಾಡಿಯಲ್ಲಿ ತಳ್ಳುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಒಂದು ಮಾತು ತಾಯಿ. ಗಾಳಿ ಮಗು ಆದ್ರೆ ನಿಮಗೂ ಒಂದು ಆಸರೆ ಆದ ಹಾಗಾಯ್ತು. ಮನೇಲಿ ಒಂದು ಸದ್ದು ಇರತ್ತೆ." ನಾನು ಹೆಜ್ಜೆ ಬೇಗ ಹಾಕಿದೆ. ಪರೀಕ್ಷೆ ಇಷ್ಟೇ: ಕಲ್ಯಾಣಿಯ ತಳದಲ್ಲಿ ಮಂಡಿಯೂರಿ, ಕಣ್ಣಿನ ಮಾಸ್ಕು ತೆಗೆದು, ಹಾಗೇ ಸ್ವಲ್ಪ ಹೊತ್ತು ಉಸಿರಾಡಿ, ಮತ್ತೆ ಹಾಕಿಕೊಂಡು, ಮೂಗಿನಿಂದ ಊದಿ ಒಳಗಿನ ನೀರು ಹೊರಹಾಕಬೇಕು. ಮಾಸ್ಕು ತೆಗೆದೆ. ತಣ್ಣನೆಯ ನೀರು ಕಣ್ಣಿಗೆ ಬಡಿಯಿತು, ಮೂಗಿಗೆ ನುಗ್ಗಿತು. ಕಣ್ಣು ಮುಚ್ಚಿದ ಕತ್ತಲಲ್ಲಿ ಬಸಲಿಂಗಯ್ಯನವರ ಮಾತು ಮತ್ತೊಮ್ಮೆ ಕೇಳಿಸಿತು. ಅಷ್ಟೇ ಗೊತ್ತು. ರೆಗ್ಯುಲೇಟರ್ ಉಗಿದು, ನೆಲ ಒದ್ದು, ಮೇಲಕ್ಕೆ ಹಾರಿದೆ. ಜುಲೇಖಾ ನನ್ನ ಕಾಲು ಹಿಡಿದೆಳೆದು, ತನ್ನ ಇನ್ನೊಂದು ರೆಗ್ಯುಲೇಟರನ್ನು ನನ್ನ ಬಾಯಿಗೆ ತುರುಕಿ, ಮೆಲ್ಲಗೆ ಮೇಲೆ ತಂದಳು.

"ಪಾಸ್ ಮಾಡೋಕಾಗಲ್ಲ" ಎಂದಳು ದಡದಲ್ಲಿ.

"ಈ ವಾರದಲ್ಲೋ ಮುಂದಿನ ವಾರದಲ್ಲೋ ಹೆರಿಗೆ ಆಗತ್ತೆ ಮೇಡಂ. ಕೈ ಮುಗೀತೀನಿ."

"ಕೈ ಮುಗಿದ್ರೆ ನಾನು ಇಳಿಸಬಹುದು. ಅಲ್ಲಿ ಹೀಗೆ ಹಾರಿದ್ರೆ ಮೇಲೆ ತರೋದು ನಿಮ್ಮನ್ನಲ್ಲ, ನಿಮ್ಮ ಹೆಣಾನ. ಒಂದು ಕೈಯಲ್ಲಿ ಮಗು ಇರತ್ತೆ, ಅದು ನೆನಪಿದೆಯಾ?"

ಆ ದಿನ ನಾನು ಊಟ ಮಾಡಲಿಲ್ಲ. ಮರುದಿನ ಮಧ್ಯಾಹ್ನ ಜುಲೇಖಾ ತಾನಾಗಿಯೇ ನಮ್ಮ ಮನೆಗೆ ಬಂದಳು. ಇನ್ನೊಂದು ಸಲ ಪರೀಕ್ಷೆ ಕೊಡುವುದಕ್ಕೆ ಕರೆಯಲು ಬಂದಿದ್ದಳು ಎಂದು ಆಮೇಲೆ ತಿಳಿಯಿತು. ನಾನು ಕಾಫಿ ಸೋಸುತ್ತಿರುವಾಗ ಅವಳು ಮೆಷಿನ್ ಪಕ್ಕದ ಮಂಚದ ಮೇಲೆ ಜೋಡಿಸಿಟ್ಟಿದ್ದ ಬಟ್ಟೆಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಿದ್ದಳು. ಕುಲಾವಿ, ಜುಬ್ಬ, ಹತ್ತಿಯ ದುಪ್ಪಟಿ, ಫ್ಲಾನೆಲ್ಲಿನ ಪುಟ್ಟ ಅಂಗಿ. ಬೆರಳಿನಿಂದ ಅಂಚುಗಳನ್ನು ಮುಟ್ಟಿ ನೋಡಿದಳು.

"ಗುಂಡು ಎಲ್ಲಿ?"

"ಏನು?"

"ಸೀಸದ ಗುಂಡು. ಇವೆಲ್ಲ ಮೇಲಿನ ಮಗುವಿನ ಬಟ್ಟೆ. ಕೆಳಗಿನ ಮಗುವಿಗೆ ಒಂದೂ ಹೊಲಿದಿಲ್ವಾ?"

ಲೋಟ ನನ್ನ ಕೈಯಲ್ಲೇ ಇತ್ತು. ಎಷ್ಟೋ ಮಂದಿಯ ಸೆರಗಿಗೆ ಗುಂಡು ಹೊಲಿದ ಕೈ, ತಂಗಿಯ ಮಗುವಿಗೆ ಹೊಲಿಯುವಾಗ ಒಂದು ಸಲವೂ ಗುಂಡಿನ ಡಬ್ಬಿಯ ಕಡೆ ಹೋಗಿರಲಿಲ್ಲ. ನನಗೇ ಗೊತ್ತಿರಲಿಲ್ಲ ಎಂದರೆ ಯಾರು ನಂಬುತ್ತಾರೆ? ಜುಲೇಖಾ ನಂಬಿದಳೋ ಇಲ್ಲವೋ, ಅಂಗಿಯನ್ನು ಮಡಿಸಿ ಇದ್ದಲ್ಲೇ ಇಟ್ಟಳು.

"ನಿಮ್ಮ ಗಾಳಿ ಎಲ್ಲಿ ಖರ್ಚಾಗ್ತಾ ಇದೆ ಅಂತ ಈಗ ಗೊತ್ತಾಯ್ತು" ಎಂದಳು, ಬಯ್ಯುವ ದನಿಯಲ್ಲಿ ಅಲ್ಲ. "ಬೇಕು ಅನ್ನಿಸೋದು ಪಾಪ ಅಲ್ಲ ಅಮ್ಮಾ. ಅದನ್ನ ಬಚ್ಚಿಟ್ಕೊಂಡು ನೀರಿಗಿಳಿಯೋದು ಅಪಾಯ. ನಾಡಿದ್ದು ಬೆಳಿಗ್ಗೆ ಬನ್ನಿ."

ಅವಳು ಹೋದ ಮೇಲೆ ಡಬ್ಬಿ ತೆಗೆದು ಕೂತೆ. ಅತಿ ಸಣ್ಣ ಗುಂಡುಗಳನ್ನು ಆರಿಸಿ, ಅಂಚು ಮಡಿಸಿ, ಕೈಹೊಲಿಗೆಯಲ್ಲೇ ಒಂದು ಅಂಗಿ ಹೊಲಿದೆ. ಹೊಲಿಯುತ್ತ ಅತ್ತೆ. ಆ ಮಗು ಇಂದುವಿನ ಮಡಿಲಲ್ಲೇ ಉಳಿಯಲಿ ಎಂದು ಬಾಯಲ್ಲಿ ಹೇಳಿಕೊಂಡೆ. ಮನಸ್ಸು ಒಪ್ಪದಿದ್ದರೂ ಮತ್ತೆ ಹೇಳಿಕೊಂಡೆ. ಸಂಜೆ ಬಸಲಿಂಗಯ್ಯನವರು ಬಂದು, ಬಚ್ಚಲಿನ ಹಂಡೆಯಲ್ಲಿ ನೀರು ತುಂಬಿಸಿ, "ಮುಖ ಮುಳುಗಿಸಿ ತಾಯಿ, ನಾನಿಲ್ಲೇ ಇದೀನಿ" ಎಂದರು. ರೆಗ್ಯುಲೇಟರ್ ಕಚ್ಚಿಕೊಂಡು, ಮಾಸ್ಕಿಲ್ಲದೆ, ಹಂಡೆಯಲ್ಲಿ ಮುಖವಿಟ್ಟು ಉಸಿರಾಡಿದೆ. ಅವರು ಪಕ್ಕದಲ್ಲಿ ಕೂತು, ತಾವು ಕೂಡಿಸಿದ ಮದುವೆಗಳ ಕತೆಯನ್ನು ಒಂದೇ ಸಮನೆ ಹೇಳುತ್ತಿದ್ದರು. ಹೆಣ್ಣಿನವರು ಗಂಡಿನವರ ಮನೆಯಲ್ಲಿ ಕಾಫಿ ಚೆಲ್ಲಿದ ಕತೆಗೆ ನಗು ಬಂದು ಮೂಗಿಗೆಲ್ಲ ನೀರು ಹೋಯಿತು. ಹೋದರೂ ತಲೆ ಎತ್ತಲಿಲ್ಲ.

ಪರೀಕ್ಷೆಯಲ್ಲಿ ಮಾಸ್ಕು ತೆಗೆದಾಗ ಹೆದರಿಕೆ ಬಂತು. ಬರಲಿ ಎಂದುಕೊಂಡೆ. ಉಸಿರು ನಡೆಯುತ್ತಿತ್ತು. ಮಾಸ್ಕು ಹಾಕಿ, ಊದಿ, ಕಣ್ಣು ತೆರೆದರೆ ಎದುರಿಗೆ ಬಸಲಿಂಗಯ್ಯನವರು ಸಂತೋಷದಿಂದ ಹೆಬ್ಬೆರಳು ಎತ್ತಿದ್ದರು. ಜುಲೇಖಾ ಅವರನ್ನು ಮೇಲಕ್ಕೆ ಕರೆದೊಯ್ದಳು. ಇಬ್ಬರಿಗೂ ಸರ್ಟಿಫಿಕೇಟು ಕೈಗೆ ಸಿಕ್ಕಿತು. ಅದರ ಶಾಯಿ ಆರುವ ಮೊದಲೇ ಕಟ್ಟೆಯಲ್ಲಿ ಭುಜಂಗ ಮೇಷ್ಟ್ರು ತಲೆ ಎತ್ತಿ, ಕನ್ನಡಕವೂ ಇಲ್ಲದೆ, "ಅತ್ತಿಗೆ, ನೋವು ಶುರುವಾಗಿದೆ" ಎಂದು ಕೂಗಿದರು.

ನಾನು, ಜುಲೇಖಾ, ಬಸಲಿಂಗಯ್ಯನವರು ಮೂವರೂ ಇಳಿದೆವು. ಮೆಟ್ಟಿಲುಗಳು ಮುಗಿದು ತಗ್ಗಿನಪೇಟೆಯ ಬೀದಿ ಶುರುವಾಯಿತು. ಹಸಿರು ಬೆಳಕಿನಲ್ಲಿ ನಾನು ಹುಟ್ಟಿ ಬೆಳೆದ ಬೀದಿ. ಮಾಡಿನ ಸಂದಿಗಳಲ್ಲಿ ಗುಬ್ಬಿಗಳಿದ್ದ ಕಡೆ ಮೀನುಗಳು. ಜಗಲಿಯ ಮೇಲೆ ಕೂತ ಮುದುಕಿಯೊಬ್ಬಳು ಕೈ ಎತ್ತಿದಳು; ಯಾರೆಂದು ಗುರುತು ಹತ್ತುವಷ್ಟರಲ್ಲಿ ದಾಟಿಬಿಟ್ಟಿದ್ದೆ. ಮತ್ತೆ ಗಟಗಟ ಗಾಳಿ ಕುಡಿಯತೊಡಗಿದ್ದೆ. ಜುಲೇಖಾ ನನ್ನ ಮೀಟರ್ ನೋಡಿ, ಅಂಗೈಯನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ ತೋರಿಸಿದಳು: ನಿಧಾನ, ನಿಧಾನ.

ಇಂದುವಿನ ಮಂಚದ ಮೇಲೆ ದೊಡ್ಡ ತಾಮ್ರದ ಹಂಡೆಯೊಂದನ್ನು ಬೋರಲು ತೇಲಿಸಿ, ಮೇಲೇಳದಂತೆ ಬೀಸುಕಲ್ಲುಗಳ ಭಾರ ಕಟ್ಟಿ ನಿಲ್ಲಿಸಿದ್ದರು. ಅದರ ತುಂಬ ಗಾಳಿ. ಹೆರಿಗೆಯ ಮನೆಗಳಲ್ಲಿ ಅದು ಇರಲೇಬೇಕು. ಇಂದು ನನ್ನನ್ನು ನೋಡಿದವಳೇ ಸನ್ನೆ ಮಾಡಿ ಕರೆದಳು. ಇಬ್ಬರೂ ಹಂಡೆಯೊಳಗೆ ತಲೆ ಹಾಕಿದೆವು. ನಾನು ರೆಗ್ಯುಲೇಟರ್ ತೆಗೆದೆ, ಅವಳು ಉಸಿರು ಕಟ್ಟಿದಳು.

"ಬಂದೆಯಲ್ಲ" ಎಂದಳು. ತಾಮ್ರದೊಳಗೆ ಅವಳ ದನಿ ಗುಂಯ್ ಎಂದಿತು. "ಅಕ್ಕಾ, ಗಾಳಿಯದಾದ್ರೆ..."

"ಆಗಲ್ಲ. ನಿನ್ನ ಹತ್ರಾನೇ ಇರತ್ತೆ."

"ಸುಳ್ಳು ಹೇಳಬೇಡ. ಗಾಳಿಯದೇ ಆದ್ರೆ ನೀನು ಸಾಕ್ತೀಯಲ್ಲ? ನನ್ನನ್ನ ಸಾಕಿದ ಹಾಗೆ?"

ನಾನು ಉತ್ತರ ಹೇಳುವ ಮೊದಲೇ ನೋವು ಬಂದು ಅವಳು ಜಾರಿದಳು.

ಎಷ್ಟು ಹೊತ್ತಾಯಿತೋ. ಸೂಲಗಿತ್ತಿ ಮಂಡಿಯ ಬಳಿ ಕೂತಿದ್ದಳು, ಮೇಷ್ಟ್ರು ಬಾಗಿಲಾಚೆ ನಿಂತಿದ್ದರು. ನಾನು ತಂಗಿಯ ಬೆನ್ನಿಗೆ ಎದೆ ಕೊಟ್ಟು ಹಿಡಿದುಕೊಂಡಿದ್ದೆ. ಮಗು ನೀರಿನೊಳಗೆ ಜಾರಿ ಬಂತು. ಹೆಣ್ಣು. ಸೂಲಗಿತ್ತಿ ಅದನ್ನು ಎರಡೂ ಅಂಗೈಗಳಲ್ಲಿ ಹಿಡಿದು ಕಾದಳು. ಬಾಯಿ ತೆರೆದು ನೀರೆಳೆದುಕೊಂಡರೆ ಕೆಳಗಿನದು. ಮಗು ಬಾಯಿ ತೆರೆಯಲಿಲ್ಲ. ತುಟಿ ಬಿಗಿದುಕೊಂಡಿತು, ಮುಷ್ಟಿ ಬಿಗಿದುಕೊಂಡಿತು, ಮೈ ನೀಲಿಯಾಗತೊಡಗಿತು. ತೆರೆ, ತೆರೆ ತಾಯಿ ಎಂದು ನಾನು ರೆಗ್ಯುಲೇಟರಿನೊಳಗೇ ಕೂಗುತ್ತಿದ್ದೆ. ನಿಜವಾಗಿ ಕೂಗಿದೆ. ಆ ಕ್ಷಣದಲ್ಲಿ ನನಗೆ ಬೇರೇನೂ ಬೇಕಾಗಿರಲಿಲ್ಲ.

ಸೂಲಗಿತ್ತಿ ನನ್ನ ಮುಖ ನೋಡಿ, ಮಗುವನ್ನು ಹಂಡೆಯೊಳಕ್ಕೆ ಎತ್ತಿದಳು. ಅದು ಅತ್ತಿತು. ತಾಮ್ರ ಅದರ ಅಳುವನ್ನು ಮನೆಯ ಗೋಡೆಗಳಿಗೆಲ್ಲ ಹಂಚಿತು. ಬಾಗಿಲಾಚೆ ಮೇಷ್ಟ್ರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

ಹೊಕ್ಕುಳಬಳ್ಳಿ ಕತ್ತರಿಸಿ ಕಟ್ಟಿದ ಮೇಲೆ ಇಂದು ಹೇಗೋ ಎದ್ದು ಹಂಡೆಯೊಳಗೆ ತಲೆ ಹಾಕಿ, ಮಗುವಿನ ನೆತ್ತಿಗೆ ಮೂಗು ಒತ್ತಿದಳು. ವಾಸನೆ ನೋಡಲು ಉಸಿರೆಳೆಯಬೇಕು, ಅವಳಿಗೆ ಎಳೆಯಲಾಗದು. ಸುಮ್ಮನೆ ಒತ್ತಿ ಹಿಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಕರ್ಕೊಂಡು ಹೋಗು. ಬೇಗ ಹೋಗಕ್ಕಾ. ನೋಡ್ತಾ ಇದ್ರೆ ನಾನು ಕೊಡಲ್ಲ" ಎಂದಳು.

ಬೀದಿಯ ಗಂಡಸರು ನಾಲ್ಕು ಕಡೆಯಿಂದ ಹಂಡೆ ಹಿಡಿದರು. ನಾನು ಅದರ ಕೆಳಗೆ ಎರಡೂ ಕೈಗಳನ್ನು ಎತ್ತಿ ಮಗುವನ್ನು ಗಾಳಿಯಲ್ಲಿ ಹಿಡಿದು ನಡೆದೆ. ಜುಲೇಖಾ ತನ್ನ ಇನ್ನೊಂದು ರೆಗ್ಯುಲೇಟರಿನಿಂದ ಆಗಾಗ ಹಂಡೆಯೊಳಗೆ ಹೊಸ ಗಾಳಿ ಬಿಡುತ್ತಿದ್ದಳು. ಬಸಲಿಂಗಯ್ಯನವರು ನನ್ನ ಸೊಂಟದ ಪಟ್ಟಿ ಹಿಡಿದು ದಾರಿ ತೋರಿಸುತ್ತಿದ್ದರು. ಅರ್ಧ ಬೀದಿಗೆ ನನ್ನ ಮಾಸ್ಕಿನಲ್ಲಿ ನೀರು ತುಂಬಿತು. ಒತ್ತಿ ಹಿಡಿದು ಊದಲು ಕೈಗೆ ಬಿಡುವಿಲ್ಲ. ಕಣ್ಣು ಮುಚ್ಚಿ ನಡೆದೆ. ಓಡಬೇಕೆಂದು ಕಾಲು ತುಡಿಯುತ್ತಿತ್ತು. ಓಡುವಂತಿಲ್ಲ, ಬೇಗ ಏರುವಂತಿಲ್ಲ, ಉಸಿರು ಕಟ್ಟುವಂತಿಲ್ಲ. ಅಂಗೈ ಮೇಲೆ ಬೆಚ್ಚಗಿನ ಪುಟ್ಟ ಬೆನ್ನು ಏರುತ್ತ ಇಳಿಯುತ್ತ ಇತ್ತು. ಅದರ ಲಯಕ್ಕೆ ನನ್ನ ಉಸಿರನ್ನು ಹೊಂದಿಸಲು ಹೋದೆ, ಅದು ತೀರ ಬೇಗಬೇಗ. ನನ್ನದನ್ನೇ ಹಿಡಿದು ನಡೆದೆ. ತಲೆಗೆ ಬಿಸಿಲು ತಾಕಿದಾಗಲೇ ಮೇಲೆ ಬಂದದ್ದು ಗೊತ್ತಾಯಿತು.

ಕಟ್ಟೆಯಲ್ಲಿ ಹೂವು ಮಾರುವ ಗಿರಿಯಮ್ಮ ಓಡಿ ಬಂದು ತನ್ನ ಸೆರಗಿನಲ್ಲೇ ಮಗುವನ್ನು ಒರೆಸಿದಳು. "ಗಾಳಿಯದು" ಎಂದು ಯಾರೋ ಯಾರಿಗೋ ಹೇಳಿದರು. ನನಗೆ ಎಲ್ಲರೂ ಬಾಗಿನ ಪಡೆದವಳಿಗೆ ಹೇಳುವಂತೆ ಹೇಳಿದರು, ಒಳ್ಳೆಯದಾಯ್ತು, ಒಳ್ಳೆಯದಾಯ್ತು ಎಂದು. ನಾನು ಮೆಟ್ಟಿಲ ಮೇಲೆ ಕೂತು ಸಿಲಿಂಡರಿನ ಪಟ್ಟಿ ಬಿಚ್ಚತೊಡಗಿದೆ.

ಅಲ್ಲಿಂದ ಮುಂದಿನ ದಿನಗಳಲ್ಲಿ ಮಗು ಹಸುವಿನ ಹಾಲು ಮುಟ್ಟಲಿಲ್ಲ. ಪಕ್ಕದ ಬೀದಿಯ ಬಾಣಂತಿ ಎದೆಗೆ ಹಾಕಿಕೊಂಡರೆ ಒಂದೆರಡು ಗುಟುಕು ಕುಡಿದು ಮುಖ ತಿರುವುತ್ತಿತ್ತು. ಸೊರಗಿತು. ನಾನು ಹೊತ್ತುಕೊಂಡು ನಡುಮನೆಯಿಂದ ಅಂಗಳಕ್ಕೆ, ಅಂಗಳದಿಂದ ಬೀದಿಗೆ ತಿರುಗಿದೆ. ಕೊನೆಗೆ ಅದನ್ನು ಎತ್ತಿಕೊಂಡು ಕಟ್ಟೆಗೆ ಹೋಗಿ, ನೀರಿಗೆ ಕೈ ಬಡಿದು, ತಂಗಿಯ ಹೆಸರು ಹಿಡಿದು ಕೂಗಿದೆ.

ಇಂದು ಬಂದಳು, ಮೇಷ್ಟ್ರ ಭುಜ ಹಿಡಿದು. ಬಿಳಿಚಿಕೊಂಡಿದ್ದಳು. ಸೊಂಟದವರೆಗೆ ಎದ್ದು ಕೂತು ಮಗುವನ್ನು ಎದೆಗೆ ಹಚ್ಚಿದಳು. ಮಗು ಬಾಯಿ ಹಾಕಿ ಹಾಲು ಇಳಿಯುವಷ್ಟರಲ್ಲಿ ಅವಳ ಉಸಿರು ಮುಗಿಯಿತು, ಮುಳುಗಿದಳು. ಮಗು ಚೀರಿತು. ಮತ್ತೆ ಎದ್ದಳು, ಮತ್ತೆ ಹಾಗೇ ಆಯಿತು. ಮೂರನೆಯ ಸಲ ಎದ್ದಾಗ ಅವಳ ಕಣ್ಣು ಕೆಂಪಗಾಗಿತ್ತು. "ಆಗಲ್ಲ ಕಣೆ ಇಂದೂ, ಸಾಕು" ಎಂದೆ. ಅವಳು ನನ್ನ ಮಾತು ಕೇಳಿಸಿಕೊಳ್ಳಲಿಲ್ಲ. ಮೆಟ್ಟಿಲುಗಳನ್ನು ಕೈಯಿಂದ ತಡವಿ ನೋಡಿದಳು. ಆಮೇಲೆ ಕೆಳಗಿನ ಮೆಟ್ಟಿಲಿಗೆ ತಲೆ ಮಾಡಿ, ಅಂಗಾತ ಮಲಗಿದಳು. ಮುಖ ನೀರಿನೊಳಗೆ. ಎದೆ ನೀರಿನ ಮೇಲೆ.

ನನ್ನ ಹಿಂದೆಯೇ ಬಂದಿದ್ದ ಬಸಲಿಂಗಯ್ಯನವರು ಕೊಡೆ ಬಿಚ್ಚಿ, ನಮ್ಮ ಕಡೆ ಬೆನ್ನು ಮಾಡಿ, ಕಟ್ಟೆಗೆ ಬರುವವರಿಗೆ ಅಡ್ಡ ನಿಂತರು. ನಾನು ನೀರಿನಲ್ಲಿ ಮಂಡಿಯೂರಿ, ಮಗುವನ್ನು ತಂಗಿಯ ಎದೆಯ ಮೇಲೆ ಮಲಗಿಸಿ, ಜಾರದಂತೆ ಎರಡೂ ಕೈಗಳಿಂದ ಹಿಡಿದೆ. ಅದು ಹುಡುಕಿತು, ಕಚ್ಚಿತು, ಕುಡಿಯಿತು. ಗುಟುಕಿನ ಸದ್ದು ಕೇಳಿಸುವಷ್ಟು ಕುಡಿಯಿತು. ಅಂಗೈಯಷ್ಟು ನೀರಿನ ಕೆಳಗೆ ಇಂದುವಿನ ಕಣ್ಣುಗಳು ತೆರೆದಿದ್ದವು, ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಹಾಡೋ, ಹೆಸರು ಹಿಡಿದು ಕರೆಯುವುದೋ, ಅವಳ ತುಟಿ ಆಡುತ್ತಿತ್ತು. ನಾನು ಬಗ್ಗಿ ಕಿವಿಗೊಟ್ಟೆ. ನೀರಿನ ಮೇಲೆ ಏನೂ ಕೇಳಲಿಲ್ಲ. ಮಗು ಕುಡಿಯುವುದನ್ನು ನಿಲ್ಲಿಸಿ, ತಾಯಿಯ ಎದೆಗೆ ಕಿವಿ ಹಚ್ಚಿ, ನನಗೆ ಕೇಳಿಸದ ಅದೇನನ್ನೋ ಕೇಳತೊಡಗಿತು.